ಅಪ್‌ಡೇಟ್: ಅಮ್ಮನ ಮೊಣಗಂಟಿನ ಪಿಆರ್‌ಪಿ ಇಂಜೆಕ್ಷನ್

ಅಮ್ಮನ ಮೊಣಗಂಟು ಸವೆತಕ್ಕೆ ಆಪರೇಷನ್ ಬಿಟ್ಟು ಪಿಆರ್‌ಪಿ (ಅವರದೇ ರಕ್ತದ, ಪ್ಲೇಟ್‌ಲೆಟ್ ಅಂದರೆ ರಕ್ತ ಹೆಪ್ಪುಗಟ್ಟಿಸುವ ಕಣಗಳು ಹೆಚ್ಚಿರುವ ಭಾಗದ ಇಂಜೆಕ್ಷನ್) ಮಾಡಿಸಬಹುದೇ ಎಂದು ಹಿಂದೆ ಇಲ್ಲಿ ಕೇಳಿದ್ದೆ. ಉತ್ತರಿಸಿದವರಿಗೆಲ್ಲ ವಂದನೆ. ಉಡುಪಿಯಲ್ಲೇ ಮಾಡಿಸಿದೆವು, ನಾಲ್ಕು ತಿಂಗಳಾಯಿತು.

ಕೈಯಿಂದ ರಕ್ತ ತೆಗೆದು, ಯಂತ್ರದಲ್ಲಿ ಗಿರಗಿರ ತಿರುಗಿಸಿ, ಪ್ಲೇಟ್‌ಲೆಟ್ ಹೆಚ್ಚಿರುವ ಭಾಗವನ್ನಷ್ಟೇ ಗಂಟಿಗೆ ಚುಚ್ಚಿದರು. ಮೊದಲ ಮೂರು ದಿನ ಬಾವು, ನೋವು ಜಾಸ್ತಿಯೇ ಆಯಿತು. ಐಬುಪ್ರೊಫೆನ್‌ನಂಥ ಮಾತ್ರೆ ಪ್ಲೇಟ್‌ಲೆಟ್ ಕೆಲಸಕ್ಕೆ ಅಡ್ಡಿ, ಕೊಡಬೇಡಿ ಎಂದಿದ್ದರು, ಪ್ಯಾರಾಸಿಟಮಾಲ್‌ನಲ್ಲೇ ಸುಧಾರಿಸಿದೆವು. ಎರಡನೇ ರಾತ್ರಿ ಅಮ್ಮ ಅತ್ತಾಗ, ನಾನೇ ಒತ್ತಾಯ ಮಾಡಿದ್ದು ತಪ್ಪಾಯಿತಾ ಅಂತ ನನಗೆ ನಿದ್ದೆಯೇ ಬರಲಿಲ್ಲ.

ಆರನೇ ವಾರದಿಂದ ವ್ಯತ್ಯಾಸ ಕಂಡಿತು. ಈಗ ರಥಬೀದಿಗೆ ಒಂದು ಸುತ್ತು, ಎಲ್ಲೂ ಕೂರದೆ ಬರುತ್ತಾರೆ! ಮೆಟ್ಟಿಲು ಇಳಿಯುವಾಗ ಮಾತ್ರ ಇನ್ನೂ ಹಿಡಿಯುತ್ತದೆ.

ಎಲ್ಲವೂ ಇಂಜೆಕ್ಷನ್‌ನಿಂದಲೇ ಎಂದು ಹೇಳಲಾರೆ. ದಿನಾ ತೊಡೆಯ ವ್ಯಾಯಾಮ ಮಾಡಿಸುತ್ತಿದ್ದೇನೆ, ತೂಕವೂ 4 ಕಿಲೋ ಇಳಿದಿದೆ. 2021ರಲ್ಲಿ ಪ್ರಕಟವಾದ ಆಸ್ಟ್ರೇಲಿಯಾದ ಅಧ್ಯಯನದಲ್ಲಿ, 288 ಜನರನ್ನು ವರ್ಷವಿಡೀ ನೋಡಿದರೂ ಪಿಆರ್‌ಪಿಗೂ ಬರೀ ಉಪ್ಪುನೀರಿನ ಇಂಜೆಕ್ಷನ್‌ಗೂ ಹೇಳಿಕೊಳ್ಳುವ ವ್ಯತ್ಯಾಸ ಸಿಗಲಿಲ್ಲ. ಹಾಗಾಗಿ ಸಾಲ ಮಾಡಿ ಯಾರೂ ಹೋಗಬೇಡಿ. ವ್ಯಾಯಾಮಕ್ಕೆ ದುಡ್ಡು ಬೇಕಿಲ್ಲ, ಅದನ್ನು ಇವತ್ತೇ ಶುರು ಮಾಡಿಸಿ.