ಡೆತ್ ವ್ಯಾಲಿ ಹತ್ತಿರದ ಅಮರ್ಗೋಸಾ ಹೋಟೆಲ್: ಅಪ್ಪ-ಅಮ್ಮನ ಜೊತೆ ಉಳಿಯಬಹುದಾ? ಹೋಗಿಬಂದವರು ಹೇಳಿ

ಕೇಳಿದವರು, ಸ್ಯಾನ್ ಹೋಸೆಯಿಂದ

ಎಲ್ಲರಿಗೂ ನಮಸ್ಕಾರ. ಡಿಸೆಂಬರ್‌ನಲ್ಲಿ ಅಪ್ಪ-ಅಮ್ಮ ಮೈಸೂರಿನಿಂದ ಬರುತ್ತಿದ್ದಾರೆ. ಲಾಸ್ ವೇಗಸ್‌ವರೆಗೆ ವಿಮಾನ, ಅಲ್ಲಿಂದ ಬಾಡಿಗೆ ಕಾರಿನಲ್ಲಿ ಕ್ಯಾಲಿಫೋರ್ನಿಯಾದ ಮರುಭೂಮಿಯಲ್ಲಿರುವ ಡೆತ್ ವ್ಯಾಲಿ ನ್ಯಾಷನಲ್ ಪಾರ್ಕ್‌ಗೆ ಅಂತ ಯೋಚನೆ. ಅಮ್ಮ ಬಹಳ ವರ್ಷ ಮನೆಯಲ್ಲೇ ಮಕ್ಕಳಿಗೆ ಭರತನಾಟ್ಯ ಹೇಳಿಕೊಟ್ಟವರು. ಮರುಭೂಮಿಯ ನಡುವೆ ನೃತ್ಯಗಾರ್ತಿಯೊಬ್ಬರು ಒಬ್ಬರೇ ನಡೆಸಿದ ಥಿಯೇಟರ್ ಇದೆ, ಅದಕ್ಕೆ ಅಂಟಿಕೊಂಡೇ ಒಂದು ಹಳೇ ಹೋಟೆಲ್ ಇದೆ ಅಂತ ನಾನು ಮಾತಿಗೆ ಹೇಳಿದೆ. ಅವತ್ತಿನಿಂದ ಫೋನ್ ಮಾಡಿದಾಗಲೆಲ್ಲ ಅಮ್ಮ ಅದನ್ನೇ ಕೇಳುತ್ತಾರೆ.

ಆದರೆ ಅಪ್ಪನಿಗೆ ಸಕ್ಕರೆ ಕಾಯಿಲೆ. ಹೊತ್ತಿಗೆ ಸರಿಯಾಗಿ ಊಟ ಆಗಬೇಕು, ಅದೂ ಸಸ್ಯಾಹಾರ. ಇಂಟರ್ನೆಟ್‌ನಲ್ಲಿ ನೋಡಿದರೆ ಒಬ್ಬರು ಅದ್ಭುತ ಅಂತಾರೆ, ಇನ್ನೊಬ್ಬರು ಹಳೇ ಮಂಚ, ಬಿಸಿನೀರು ಬರಲಿಲ್ಲ, ದೆವ್ವ ಇದೆ ಅಂತೆಲ್ಲ ಬರೆದಿದ್ದಾರೆ. ಅಲ್ಲಿ ರಾತ್ರಿ ಉಳಿಯುವುದು ಒಳ್ಳೆಯದಾ, ಅಥವಾ ಹಗಲು ನೋಡಿ ಮುಂದೆ ಹೋಗುವುದಾ? ನಿಜವಾಗಿ ಹೋಗಿದ್ದವರು ಹೇಳಿ, ದಯವಿಟ್ಟು.

ಲಾಸ್ ವೇಗಸ್‌ನಿಂದ ಒಬ್ಬರು

ಉಳಿಯಿರಿ. ಒಂದು ರಾತ್ರಿ ಸಾಕು, ಆದರೆ ಉಳಿಯಿರಿ. ನಾವು ಇಲ್ಲೇ ಹತ್ತಿರ ಇರುವುದರಿಂದ ಊರಿನಿಂದ ಬಂದವರನ್ನೆಲ್ಲ ಅಲ್ಲಿಗೆ ಕರೆದುಕೊಂಡು ಹೋಗುತ್ತೇವೆ. ಮೊದಲು ಆ ಜಾಗ ಏನು ಅಂತ ಹೇಳಿಬಿಡುತ್ತೇನೆ. ಕತೆ ಗೊತ್ತಿಲ್ಲದೆ ಹೋದರೆ ಅದು ಬಣ್ಣ ಮಾಸಿದ ಒಂದು ಬಿಳಿ ಕಟ್ಟಡ ಅಷ್ಟೇ.

ಊರಿನ ಹೆಸರು ಡೆತ್ ವ್ಯಾಲಿ ಜಂಕ್ಷನ್. 127 ಮತ್ತು 190ನೇ ರಸ್ತೆ ಸೇರುವ ಜಾಗ, ಕ್ಯಾಲಿಫೋರ್ನಿಯಾದೊಳಗೆ, ನೆವಾಡಾ ಗಡಿಯ ಪಕ್ಕ. 1923ರಿಂದ 25ರ ನಡುವೆ ಪೆಸಿಫಿಕ್ ಕೋಸ್ಟ್ ಬೋರಾಕ್ಸ್ ಕಂಪನಿ ಇದನ್ನು ಕಟ್ಟಿಸಿತು. ಬೋರಾಕ್ಸ್ ಅಂದರೆ ನಮ್ಮ ಅಕ್ಕಸಾಲಿಗರು ಬಳಸುವ ಬಿಳಿಗಾರ. ಆಫೀಸು, ಅಂಗಡಿ, ಕೆಲಸದವರ ವಸತಿ, ಊಟದ ಹಾಲ್, 23 ಕೋಣೆಗಳ ಹೋಟೆಲ್, ಎಲ್ಲ ಸೇರಿ ಇಂಗ್ಲಿಷಿನ ಯು ಆಕಾರದಲ್ಲಿ ಒಂದೇ ಸಾಲು. ಗೋಡೆ ಹಸಿ ಇಟ್ಟಿಗೆಯದು, ಮುಂದೆ ಕಮಾನಿನ ಉದ್ದ ಜಗಲಿ. ಒಂದು ತುದಿಯಲ್ಲಿ ಕಾರ್ಕ್‌ಹಿಲ್ ಹಾಲ್ ಅಂತ ಇತ್ತು. ಸಿನಿಮಾ, ಕುಣಿತ, ಚರ್ಚಿನ ಪ್ರಾರ್ಥನೆ, ಸಾವಿನ ಕಾರ್ಯ ಕೂಡ ಅಲ್ಲೇ. ಆಮೇಲೆ ಗಣಿಗಾರಿಕೆ ಬೇರೆ ಕಡೆ ಹೋಯಿತು, ರೈಲೂ ನಿಂತಿತು, ಊರು ಖಾಲಿಯಾಯಿತು.

1967ರಲ್ಲಿ ಮಾರ್ಟಾ ಬೆಕೆಟ್ ಅಲ್ಲಿಗೆ ಬಂದರು. ನ್ಯೂಯಾರ್ಕ್‌ನವರು, ರೇಡಿಯೋ ಸಿಟಿ ಮ್ಯೂಸಿಕ್ ಹಾಲ್‌ನಲ್ಲಿ, ಬ್ರಾಡ್‌ವೇಯಲ್ಲಿ ಕುಣಿದಿದ್ದವರು. ಆಗ ವಯಸ್ಸು 42. ಗಂಡನ ಜೊತೆ ಡೆತ್ ವ್ಯಾಲಿಯಲ್ಲಿ ಕ್ಯಾಂಪ್ ಮಾಡುವಾಗ ಗಾಡಿಯ ಟೈರ್ ಪಂಕ್ಚರ್ ಆಗಿ, ಅದನ್ನು ರಿಪೇರಿಗೆ ಕೊಟ್ಟು ಸುಮ್ನೆ ಸುತ್ತಾಡುತ್ತಾ ಆ ಹಾಲ್‌ನ ಹಿಂದಿನ ಬಾಗಿಲಿನ ತೂತಿನಿಂದ ಒಳಗೆ ಇಣುಕಿದರು. ತಿಂಗಳಿಗೆ 45 ಡಾಲರ್ ಬಾಡಿಗೆಗೆ ಮಾತಾಡಿ ಅಲ್ಲೇ ನೆಲೆ ನಿಂತರು! ಆ ಹಾಲ್‌ಗೆ ಅಮರ್ಗೋಸಾ ಆಪೆರಾ ಹೌಸ್ ಅಂತ ಹೆಸರಿಟ್ಟು, 1968ರ ಫೆಬ್ರವರಿ 10ರಂದು ಮೊದಲ ಪ್ರದರ್ಶನ ಕೊಟ್ಟರು. ನೋಡಲು ಬಂದವರು 12 ಜನ.

ಎಷ್ಟೋ ರಾತ್ರಿ ಒಬ್ಬರೂ ಬರುತ್ತಿರಲಿಲ್ಲ. ಆದರೂ ಬಣ್ಣ ಹಚ್ಚಿ, ಪರದೆ ತೆಗೆದು, ಪೂರ್ತಿ ಆಟ ಆಡುತ್ತಿದ್ದರು. ಖಾಲಿ ಕುರ್ಚಿಗಳನ್ನು ನೋಡಿ ನೋಡಿ, ಪ್ರೇಕ್ಷಕರನ್ನು ತಾನೇ ಬರೆದುಕೊಳ್ಳುತ್ತೇನೆ ಅಂತ ಗೋಡೆಗೆ ಕುಂಚ ಹಚ್ಚಿದರು. ಗೋಡೆಗಳಿಗೇ ನಾಲ್ಕು ವರ್ಷ, ಆಮೇಲೆ ಚಾವಣಿಗೆ ಇನ್ನೆರಡು ವರ್ಷ. 2012ರವರೆಗೆ, ಅಂದರೆ 87ನೇ ವಯಸ್ಸಿನವರೆಗೆ ಅಲ್ಲಿ ಪ್ರದರ್ಶನ ಕೊಟ್ಟರು. 2017ರಲ್ಲಿ ತೀರಿಕೊಂಡರು.

ನಿಮ್ಮ ಅಮ್ಮ ನೃತ್ಯ ಕಲಿಸಿದವರು ಅಂದಿರಲ್ಲ, ಅವರಿಗೆ ನಾನು ಬೇರೇನೂ ಹೇಳಬೇಕಿಲ್ಲ. ಹೋಟೆಲ್‌ನ ಲಾಬಿಯಲ್ಲಿ, ಊಟದ ಹಾಲ್‌ನಲ್ಲಿ, ಕೆಲವು ಕೋಣೆಗಳ ಗೋಡೆಯ ಮೇಲೂ ಮಾರ್ಟಾ ಅವರೇ ಬರೆದ ಚಿತ್ರಗಳಿವೆ. ಬುಕ್ ಮಾಡುವಾಗ ಚಿತ್ರ ಇರುವ ಕೋಣೆಯೇ ಬೇಕು ಅಂತ ಬಾಯಿಬಿಟ್ಟು ಕೇಳಿ. ರೆಡ್ ಸ್ಕೆಲ್ಟನ್ ಅಂತ ದೊಡ್ಡ ಹಾಸ್ಯನಟ ಇವರ ಪ್ರದರ್ಶನಕ್ಕೆ ಬರುತ್ತಿದ್ದರು, ಅವರ ಹೆಸರಿನ ಕೋಣೆಯೇ ಒಂದಿದೆ.

ಥಿಯೇಟರ್ ಒಳಗೆ ಹೋಗಲು ಟೂರ್ ಬೇಕು. ಇದು ಮುಖ್ಯ. ಬಾಗಿಲು ಸದಾ ತೆರೆದಿರುವುದಿಲ್ಲ. ಮೊದಲೇ ಫೋನ್ ಮಾಡಿ ಹೊತ್ತು ಕೇಳಿಕೊಳ್ಳಿ, ಹೊರಡುವ ದಿನ ಬೆಳಿಗ್ಗೆ ಇನ್ನೊಮ್ಮೆ ಕೇಳಿ.

ಅರ್ವೈನ್‌ನಿಂದ ಒಬ್ಬರು

ನನ್ನ ಅಭಿಪ್ರಾಯ ಸ್ವಲ್ಪ ಬೇರೆ. ಥಿಯೇಟರ್ ನೋಡಲೇಬೇಕು, ಅದರಲ್ಲಿ ಎರಡು ಮಾತಿಲ್ಲ. ಆದರೆ ವಯಸ್ಸಾದವರ ಜೊತೆ ರಾತ್ರಿ ಉಳಿಯುವುದನ್ನು ಇನ್ನೊಮ್ಮೆ ಯೋಚಿಸಿ. ಕೋಣೆಯಲ್ಲಿ ಟಿವಿ ಇಲ್ಲ, ಮೊಬೈಲ್ ಸಿಗ್ನಲ್ ನೆಚ್ಚಿಕೊಳ್ಳುವ ಹಾಗಿಲ್ಲ. ನೂರು ವರ್ಷದ ಕಟ್ಟಡ, ನಲ್ಲಿ-ಕೊಳಾಯಿ ಎಲ್ಲ ಆ ಕಾಲದ ಥರವೇ. ಬಿಸಿನೀರು ಬರಲು ಸ್ವಲ್ಪ ಕಾಯಬೇಕು. ಡಿಸೆಂಬರ್‌ನಲ್ಲಿ ರಾತ್ರಿ ಸೊನ್ನೆ ಡಿಗ್ರಿ ಹತ್ತಿರಕ್ಕೆ ಇಳಿಯಬಹುದು. ಡೆತ್ ವ್ಯಾಲಿ ಅಂದರೆ ಸುಡುವ ಬಿಸಿಲು ಅಂತ ನಮ್ಮವರು ತೆಳು ಬಟ್ಟೆ ತರುತ್ತಾರೆ. ಆದರೆ ಈ ಊರು ಕಣಿವೆಯೊಳಗೆ ಇಲ್ಲ, ಸಮುದ್ರಮಟ್ಟದಿಂದ 600 ಮೀಟರ್‌ಗಿಂತ ಎತ್ತರದಲ್ಲಿದೆ. ಸ್ವೆಟರ್, ಕಾಲುಚೀಲ, ಟೋಪಿ, ಎಲ್ಲ ಬೇಕು.

ನಮ್ಮ ಮಾವನವರಿಗೆ ಮಂಡಿನೋವು. ಹೋಟೆಲ್ ಒಂದೇ ಅಂತಸ್ತು ಆದ್ದರಿಂದ ಅವರಿಗೆ ತೊಂದರೆ ಆಗಲಿಲ್ಲ, ಅದೊಂದು ಸಮಾಧಾನ. ಆದರೆ ರಾತ್ರಿ ಎಂಟಾಗುತ್ತಲೇ ಏನು ಮಾಡುವುದು ಅಂತ ಅವರಿಗೆ ತೋಚಲಿಲ್ಲ. ಹೊರಗೆ ಅಂಗಡಿ ಇಲ್ಲ, ಬೀದಿ ಇಲ್ಲ, ಓಡಾಡುವ ಜನ ಇಲ್ಲ.

ಸೌಕರ್ಯವೇ ಮುಖ್ಯ ಅಂದರೆ 30 ಮೈಲಿ ಮುಂದೆ, ಪಾರ್ಕ್ ಒಳಗೆ, ಫರ್ನೇಸ್ ಕ್ರೀಕ್ ಅನ್ನುವ ಜಾಗ ಇದೆ. ಅಲ್ಲಿನ ದೊಡ್ಡ ಹೋಟೆಲನ್ನೂ ಇದೇ ಬೋರಾಕ್ಸ್ ಕಂಪನಿ 1927ರಲ್ಲಿ ಶುರು ಮಾಡಿದ್ದು. ದುಡ್ಡು ಜಾಸ್ತಿ, ಆದರೆ ಊಟ-ತಿಂಡಿ ಅಲ್ಲೇ ಸಿಗುತ್ತದೆ. ನಿಮ್ಮ ತಂದೆಯವರ ಊಟದ ಹೊತ್ತು ತಪ್ಪಬಾರದು ಅಂದಿರಿ, ಅದಕ್ಕೇ ಹೇಳಿದೆ.

ಕೇಳಿದವರು

ಇಬ್ಬರಿಗೂ ತುಂಬಾ ಧನ್ಯವಾದ. ಅಲ್ಲೇ ಒಂದು ಕೆಫೆ ಇದೆ ಅಂತ ಓದಿದ್ದೆ. ಅದನ್ನು ನಂಬಬಹುದಾ? ಮತ್ತೆ ಆ ದೆವ್ವದ ವಿಷಯ. ಅಮ್ಮ ಯೂಟ್ಯೂಬ್‌ನಲ್ಲಿ ಅದೇ ಹೋಟೆಲ್‌ನ ವಿಡಿಯೋ ನೋಡಿ ಸ್ವಲ್ಪ ಹೆದರಿದ್ದಾರೆ.

ಲಾಸ್ ವೇಗಸ್‌ನವರು

ಕೆಫೆಯನ್ನು ನಂಬಿ ಹೋಗಬೇಡಿ. ತೆರೆಯುತ್ತದೆ, ಮುಚ್ಚುತ್ತದೆ, ಮತ್ತೆ ತೆರೆಯುತ್ತದೆ. ತೆರೆದಿದ್ದರೆ ಒಳ್ಳೆಯದು, ಇಲ್ಲ ಅಂತಲೇ ತಿಳಿದು ತಯಾರಾಗಿ. ವೇಗಸ್‌ನಿಂದ ಬರುವಾಗ ಪರಂಪ್ ಅನ್ನೋ ಊರು ಸಿಗುತ್ತದೆ, ಅಲ್ಲಿ ವಾಲ್‌ಮಾರ್ಟ್ ಇದೆ. ಮೊಸರು, ಹಣ್ಣು, ಬ್ರೆಡ್ಡು, ನೀರು ಎಲ್ಲ ಅಲ್ಲೇ ತಗೊಳ್ಳಿ. ನಾವು ಚಪಾತಿ, ಚಟ್ನಿಪುಡಿ, ಹಚ್ಚಿದ ಅವಲಕ್ಕಿ, ಒಂದು ಡಬ್ಬಿ ಮೊಸರನ್ನ ಕಟ್ಟಿಕೊಂಡು ಹೋಗುತ್ತೇವೆ. ಅಪ್ಪ ಇನ್ಸುಲಿನ್ ತಗೊಳ್ಳುತ್ತಿದ್ದರೆ ಐಸ್ ಹಾಕಿದ ಸಣ್ಣ ಕೂಲರ್ ಕಾರಿನಲ್ಲಿ ಇರಲಿ. ರೈಸ್ ಕುಕ್ಕರ್ ಕೋಣೆಯಲ್ಲಿ ಹಚ್ಚುವ ಮುಂಚೆ ಕೌಂಟರ್‌ನಲ್ಲಿ ಕೇಳಿ, ಕಟ್ಟಡ ಹಳೆಯದು.

ದೆವ್ವದ ಬಗ್ಗೆ: ಹಳೇ ಕಟ್ಟಡ, ಖಾಲಿ ಊರು, ಕ್ಯಾಮೆರಾ ಹಿಡಿದವರಿಗೆ ಇಷ್ಟು ಸಾಕು. ರಾತ್ರಿ ಗಾಳಿ ಬೀಸಿದರೆ ಬಾಗಿಲು ಕಿಟಕಿ ಸದ್ದು ಮಾಡುತ್ತವೆ. ನಮ್ಮ ಮನೆಯವರೆಲ್ಲ ಅಲ್ಲಿ ಚೆನ್ನಾಗಿ ನಿದ್ದೆ ಮಾಡಿದ್ದಾರೆ. ನನಗೆ ಬೇಜಾರಾಗುವುದು ಬೇರೆ ವಿಷಯಕ್ಕೆ. ಒಬ್ಬ ಹೆಂಗಸು 40 ವರ್ಷಕ್ಕೂ ಜಾಸ್ತಿ ದುಡಿದು ಮಾಡಿದ ಕೆಲಸವನ್ನು ಬಿಟ್ಟು, ಜನ ದೆವ್ವದ ವಿಡಿಯೋ ನೋಡಿ ಬರುತ್ತಾರಲ್ಲ ಅಂತ. ಅಮ್ಮನಿಗೆ ಆ ವಿಡಿಯೋ ಬಿಟ್ಟು ಮಾರ್ಟಾ ಅವರು ಕುಣಿಯುತ್ತಿರುವ ಹಳೇ ತುಣುಕುಗಳನ್ನು ತೋರಿಸಿ.

ಮೈಸೂರಿನವರು, ಈಗ ಫೀನಿಕ್ಸ್‌ನಲ್ಲಿ

ಊರಲ್ಲಿ ಹವ್ಯಾಸಿ ನಾಟಕಗಳಲ್ಲಿ ಬಣ್ಣ, ಬೆಳಕು, ಪರದೆ ಅಂತ ಓಡಾಡಿಕೊಂಡಿದ್ದವನು ನಾನು. ಹಾಗಾಗಿ ಥಿಯೇಟರ್ ಒಳಗೆ ಏನು ನೋಡಬೇಕು ಅನ್ನುವುದನ್ನು ಮಾತ್ರ ಹೇಳುತ್ತೇನೆ.

ಒಳಗೆ ಹೋದ ತಕ್ಷಣ ಎಲ್ಲರೂ ಮೊಬೈಲ್ ಎತ್ತುತ್ತಾರೆ. ಮೊದಲು ಸುಮ್ನೆ ಕೂತುಕೊಳ್ಳಿ. ಬೆಳಕು ಕಡಿಮೆ, ಕಣ್ಣು ಹೊಂದಿಕೊಳ್ಳಲು ಸ್ವಲ್ಪ ಹೊತ್ತು ಬೇಕು. ನಿಧಾನವಾಗಿ ಗೋಡೆಯಿಂದ ಜನ ಎದ್ದು ಬರುತ್ತಾರೆ. ಹಿಂದಿನ ಗೋಡೆಯ ಮಧ್ಯೆ ರಾಜ-ರಾಣಿ, ಅವರ ಸುತ್ತ 16ನೇ ಶತಮಾನದ ಸ್ಪೇನಿನ ಆಸ್ಥಾನದವರು. ಪಕ್ಕದ ಗೋಡೆಗಳಲ್ಲಿ ಸನ್ಯಾಸಿಗಳು, ಸನ್ಯಾಸಿನಿಯರು, ಗೂಳಿ ಕಾಳಗದವರು, ಜಿಪ್ಸಿಗಳು. ಎಲ್ಲರೂ ಒಂದೇ ಥರ ನೋಡುತ್ತಿಲ್ಲ. ಕೆಲವರು ರಂಗದ ಕಡೆ, ಕೆಲವರು ಪಕ್ಕದವರ ಕಡೆ. ನಿಜವಾದ ಪ್ರೇಕ್ಷಕರೂ ಹಾಗೇ ಅಲ್ವಾ? ವರ್ಷಗಟ್ಟಲೆ ರಂಗದ ಮೇಲಿಂದ ಜನರನ್ನು ನೋಡಿದವರು ಮಾತ್ರ ಹಾಗೆ ಬರೆಯಬಲ್ಲರು. ಚಾವಣಿಯಲ್ಲಿ ಆಕಾಶ, ಮೋಡ, ಪಾರಿವಾಳಗಳು, ಹಳೇ ಕಾಲದ ವಾದ್ಯ ನುಡಿಸುವ ಹೆಂಗಸರು. ಅದನ್ನು ನೋಡಲು ಅಪ್ಪ-ಅಮ್ಮನಿಗೆ ಕುರ್ಚಿಯಲ್ಲಿ ಹಿಂದಕ್ಕೆ ಒರಗಲು ಹೇಳಿ, ಕತ್ತು ನೋಯುವುದಿಲ್ಲ.

ಟೂರ್ ಮಾಡಿಸುವವರು ಬಿಟ್ಟರೆ ಅಮ್ಮನನ್ನು ರಂಗದ ಅಂಚಿನವರೆಗೆ ಕರೆದುಕೊಂಡು ಹೋಗಿ. ಆ ಚಿತ್ರಗಳನ್ನು ನೋಡಬೇಕಾದ ಜಾಗ ಅದೇ. ಅವು ಬಂದವರಿಗಾಗಿ ಬರೆದ ಅಲಂಕಾರ ಅಲ್ಲ, ಕುಣಿಯುವವರಿಗಾಗಿ ಬರೆದದ್ದು. ನಮ್ಮ ಕಂಪನಿ ನಾಟಕದವರು ಅರಮನೆ, ಕಾಡು, ಬೀದಿ ಎಲ್ಲವನ್ನೂ ಪರದೆ ಮೇಲೆ ಬರೆಸಿ ನಟರ ಹಿಂದೆ ಬಿಡುತ್ತಿದ್ದರು. ಇಲ್ಲಿ ಆ ಪರದೆ ತಿರುಗಿ ನಟಿಯ ಎದುರಿಗೆ ಬಂದು ಕೂತಂತಿದೆ.

ಇನ್ನೊಂದು. ರಂಗದ ದೀಪಗಳಿಗೆ ಕಾಫಿಪುಡಿ ಡಬ್ಬಗಳನ್ನು ಬಳಸಿದ್ದರು. ಉಡುಪು ಹೊಲಿಯುವುದು, ಸೆಟ್ ಬರೆಯುವುದು, ನೃತ್ಯ ಕಟ್ಟುವುದು ಎಲ್ಲ ಅವರೇ. ವಾರದಲ್ಲಿ ಗೊತ್ತು ಮಾಡಿದ ರಾತ್ರಿಗಳಲ್ಲಿ 8.15ಕ್ಕೆ ಸರಿಯಾಗಿ ಪರದೆ ಏಳುತ್ತಿತ್ತು, ಜನ ಇರಲಿ ಬಿಡಲಿ. 1983ರಲ್ಲಿ ಗಂಡ ಬಿಟ್ಟುಹೋದ ಮೇಲೆ ಟಾಮ್ ವಿಲೆಟ್ ಅನ್ನುವವರು ಜೊತೆಗೆ ನಿಂತರು. ಕಟ್ಟಡದ ಕೆಲಸ, ರಂಗದ ಕೆಲಸ ಎರಡೂ ಅವರದೇ, ಕೊನೆಗೆ ಅವರೂ ಬಣ್ಣ ಹಚ್ಚಿ ಹಾಸ್ಯಪಾತ್ರ ಮಾಡಿದರು. ಟೂರ್‌ನಲ್ಲಿ ಮಾರ್ಟಾ ಬಗ್ಗೆ ಬೇಕಾದಷ್ಟು ಹೇಳುತ್ತಾರೆ, ನೀವು ಟಾಮ್ ಬಗ್ಗೆಯೂ ಕೇಳಿ. ಅವರು 2005ರಲ್ಲಿ ತೀರಿಕೊಂಡರು.

ಉಳಿಯಬೇಕಾ ಅಂದರೆ, ನನ್ನ ಲೆಕ್ಕದಲ್ಲಿ ಉಳಿಯಬೇಕು. ಹಗಲು ಬಂದು ಫೋಟೋ ತೆಗೆದು ಹೋಗುವವರಿಗೆ ಆ ಊರಿನ ಒಂಟಿತನ ಗೊತ್ತಾಗುವುದಿಲ್ಲ. ಅದು ಗೊತ್ತಾಗದಿದ್ದರೆ ಆ ಹೆಂಗಸು ಏಕೆ ಗೋಡೆ ತುಂಬಾ ಜನರನ್ನು ಬರೆದರು ಅನ್ನುವುದೂ ಗೊತ್ತಾಗುವುದಿಲ್ಲ. ಜೊತೆಗೆ, ಆ ಜಾಗವನ್ನು ಲಾಭದ ಉದ್ದೇಶವಿಲ್ಲದ ಸಂಸ್ಥೆ ನೋಡಿಕೊಳ್ಳುತ್ತಿದೆ. 1981ರಲ್ಲೇ ರಾಷ್ಟ್ರೀಯ ಚಾರಿತ್ರಿಕ ಸ್ಥಳಗಳ ಪಟ್ಟಿಗೆ ಸೇರಿದೆ, ಆದರೆ ಹಸಿ ಇಟ್ಟಿಗೆ ಗೋಡೆ ಉಳಿಸಲು ಪಟ್ಟಿ ಸಾಲದು, ದುಡ್ಡು ಬೇಕು. ನಾವು ಕೊಡುವ ಬಾಡಿಗೆ ಅದಕ್ಕೂ ಆಗುತ್ತದೆ.

ಸ್ಯಾಕ್ರಮೆಂಟೊದಿಂದ ಒಬ್ಬರು

ದಾರಿ ಬಗ್ಗೆ ಯಾರೂ ಹೇಳಲಿಲ್ಲ. ವೇಗಸ್‌ನಿಂದ ಪರಂಪ್ ಮೇಲೆ ಹೋದರೆ ಎರಡು ಗಂಟೆಯೊಳಗೆ ತಲುಪಬಹುದು. ಪರಂಪ್ ಆದ ಮೇಲೆ ಬೆಲ್ ವಿಸ್ಟಾ ರಸ್ತೆ ನೇರ ಅಲ್ಲಿಗೇ ಬರುತ್ತದೆ. ಪೆಟ್ರೋಲನ್ನು ಪರಂಪ್‌ನಲ್ಲೇ ತುಂಬಿಸಿ. ಜಂಕ್ಷನ್‌ನಲ್ಲಿ ಬಂಕ್ ಇಲ್ಲ, ಪಾರ್ಕ್ ಒಳಗೆ ಸಿಗುತ್ತದೆ ಆದರೆ ಬೆಲೆ ವಿಪರೀತ.

ಡಿಸೆಂಬರ್‌ನಲ್ಲಿ ನಾಲ್ಕೂವರೆಗೆಲ್ಲ ಸೂರ್ಯ ಮುಳುಗುತ್ತಾನೆ. ಬೆಳಕಿರುವಾಗಲೇ ತಲುಪಿ. ಆ ಕಡೆ ಕಾಡುಕುದುರೆಗಳು ಓಡಾಡುತ್ತವೆ, ಕತ್ತಲಲ್ಲಿ ರಸ್ತೆ ಮೇಲೆ ನಿಂತಿದ್ದರೆ ಕಾಣುವುದಿಲ್ಲ. ಮ್ಯಾಪನ್ನು ಮೊದಲೇ ಫೋನ್‌ಗೆ ಇಳಿಸಿಕೊಳ್ಳಿ. ಹೊರಡುವ ಮುಂಚೆ ಪಾರ್ಕ್‌ನ ರಸ್ತೆ ಸ್ಥಿತಿಯನ್ನೂ ನೋಡಿ. 2022ರ ಮತ್ತು 2023ರ ಆಗಸ್ಟ್‌ನಲ್ಲಿ ದಿಢೀರ್ ಪ್ರವಾಹಕ್ಕೆ ರಸ್ತೆಗಳು ಕೊಚ್ಚಿಹೋಗಿದ್ದವು.

ಹೋಗುವ ದಾರಿಯಲ್ಲಿ ಆಶ್ ಮೆಡೋಸ್ ಅನ್ನುವ ವನ್ಯಧಾಮ ಇದೆ, ಬಿಡಬೇಡಿ. ಮರುಭೂಮಿಯಲ್ಲಿ ಗಾಜಿನಷ್ಟು ತಿಳಿಯಾದ ಬುಗ್ಗೆಗಳು. ಕ್ರಿಸ್ಟಲ್ ಸ್ಪ್ರಿಂಗ್ ಹತ್ತಿರ ಮರದ ಹಲಗೆ ಹಾಸಿದ ದಾರಿ ಇದೆ, ಅಪ್ಪ-ಅಮ್ಮ ಆರಾಮಾಗಿ ನಡೆಯಬಹುದು. ಮಾರನೇ ದಿನ ಬೆಳಿಗ್ಗೆ ಜಂಕ್ಷನ್‌ನಿಂದ 190ರಲ್ಲಿ ಹೋಗುವಾಗ ಡಾಂಟೆಸ್ ವ್ಯೂಗೆ ತಿರುಗಿ. 1,600 ಮೀಟರ್‌ಗೂ ಎತ್ತರದಿಂದ ನೋಡಿದರೆ ಕೆಳಗೆ ಸಮುದ್ರಮಟ್ಟಕ್ಕಿಂತ 86 ಮೀಟರ್ ಕೆಳಗಿರುವ ಬ್ಯಾಡ್‌ವಾಟರ್ ಅನ್ನುವ ಉಪ್ಪಿನ ಬಯಲು ಬೆಳ್ಳಗೆ ಕಾಣುತ್ತದೆ. ಗಾಳಿ ಜೋರು, ಕಿವಿ ಮುಚ್ಚಿಕೊಳ್ಳಿ. ಇನ್ನೊಂದು ದಿನ ಇದ್ದರೆ ನೆವಾಡಾದ ಬೀಟಿ ಊರಿನ ಹತ್ತಿರದ ರಯೊಲೈಟ್ ನೋಡಿ. ಪಾಳುಬಿದ್ದ ಗಣಿ ಊರು, ಅದರ ಪಕ್ಕ ಬಯಲಲ್ಲೇ ಶಿಲ್ಪಗಳಿವೆ. 1984ರಲ್ಲಿ ಬೆಲ್ಜಿಯಂನ ಅಲ್ಬರ್ಟ್ ಶುಕಾಲ್ಸ್ಕಿ ಶುರು ಮಾಡಿದ್ದು. ಕಲೆಯಲ್ಲಿ ಆಸಕ್ತಿ ಇರುವ ಅಮ್ಮನಿಗೆ ಇದೂ ಇಷ್ಟವಾಗುತ್ತದೆ.

ಕೇಳಿದವರು

ಎಲ್ಲರೂ ಇಷ್ಟು ಬಿಡಿಸಿ ಹೇಳಿದ್ದೀರಿ, ಮನಸ್ಸು ತುಂಬಿ ಬಂತು. ಹೀಗೆ ಮಾಡುತ್ತೇವೆ: ವೇಗಸ್‌ನಿಂದ ಬೆಳಿಗ್ಗೆ ಹೊರಟು ಆಶ್ ಮೆಡೋಸ್, ಮಧ್ಯಾಹ್ನ ಥಿಯೇಟರ್ ಟೂರ್, ಒಂದು ರಾತ್ರಿ ಅಲ್ಲೇ, ಆಮೇಲೆ ಫರ್ನೇಸ್ ಕ್ರೀಕ್. ಅಪ್ಪನ ಊಟ ನಮ್ಮ ಡಬ್ಬಿಯಲ್ಲೇ ಇರುತ್ತದೆ. ನಾಳೆ ಫೋನ್ ಮಾಡಿ ಚಿತ್ರ ಇರುವ ಕೋಣೆ, ಟೂರ್ ಹೊತ್ತು ಎರಡನ್ನೂ ಕೇಳುತ್ತೇನೆ. ಇನ್ನೊಂದು ಗೊತ್ತಿದ್ದರೆ ಹೇಳಿ: ಥಿಯೇಟರ್ ಒಳಗೆ ಫೋಟೋ ತೆಗೆಯಲು ಬಿಡುತ್ತಾರಾ?

ಲಾಸ್ ವೇಗಸ್‌ನವರು

ಟೂರ್ ಶುರುವಾಗುವ ಮುಂಚೆ ಅವರನ್ನೇ ಕೇಳಿ. ಬಿಟ್ಟರೂ ಫ್ಲಾಶ್ ಆಫ್ ಮಾಡಿ, ಬಣ್ಣ ಹಳೆಯದು. ಗೋಡೆ ಮುಟ್ಟದಂತೆ ಮಕ್ಕಳಿದ್ದರೆ ಅವರಿಗೂ ಹೇಳಿ.