ಇಲ್ಲದ್ದು ಕೇಳಿಸುತ್ತೆ, ಇಲ್ಲದ್ದು ಕಾಣಿಸುತ್ತೆ ಅನ್ನುವವರಿಗೆ ನಾವೇನು ಮಾಡೋದು? (ಭಾನುವಾರದ ಪ್ರಶ್ನೋತ್ತರ)

ಅಡ್ಮಿನ್: ಎಲ್ಲರಿಗೂ ನಮಸ್ಕಾರ. ಇವತ್ತು ಸಂಜೆ 4ರಿಂದ 6ರವರೆಗೆ ಶಿವಮೊಗ್ಗದ ಮನೋವೈದ್ಯೆಯೊಬ್ಬರು ಗುಂಪಿನಲ್ಲಿ ಇರುತ್ತಾರೆ. ವಿಷಯ ಮೇಲಿದೆ. ರೋಗಿಯ ಹೆಸರು, ಫೋಟೊ, ವಿಡಿಯೊ ಹಾಕಬೇಡಿ. ಅಡಿಕೆ ರೇಟು ಇವತ್ತೊಂದು ದಿನ ಬೇಡ.

ಸಾಗರದ ಸೊಸೆ: ಮೇಡಂ, ಪಕ್ಕದ ಬಾಡಿಗೆ ಮನೆಯಲ್ಲಿ ಒಬ್ಬ ಹುಡುಗ ಇದ್ದಾನೆ. 25 ಇರಬಹುದು. ನಾಲ್ಕು ತಿಂಗಳಿಂದ ಕೆಲಸಕ್ಕೆ ಹೋಗುತ್ತಿಲ್ಲ. ಕಿಟಕಿಗೆಲ್ಲ ಪೇಪರ್ ಅಂಟಿಸಿದ್ದಾನೆ. ನಾನು ಮಿಕ್ಸಿ ಹಾಕಿದರೆ ಅದರೊಳಗಿಂದ ಯಾರೋ ಅವನನ್ನು ಬೈಯುತ್ತಾರಂತೆ. ಮೊನ್ನೆ ಬಾಗಿಲಿಗೆ ಬಂದು "ಅಕ್ಕಾ, ನೀವೂ ಅವರ ಕಡೆಯವರಾ?" ಅಂತ ಕೇಳಿದ. ಏನು ಹೇಳಲಿ? ನಾನು ಸಂಬಂಧಿಕಳೂ ಅಲ್ಲ.

ಡಾಕ್ಟ್ರಮ್ಮ: ನಿಮ್ಮನ್ನೇ ಬಂದು ಕೇಳಿದ ಅಂದರೆ ನಿಮ್ಮ ಮೇಲೆ ಇನ್ನೂ ನಂಬಿಕೆ ಉಳಿದಿದೆ. ಅದನ್ನು ಉಳಿಸಿಕೊಳ್ಳಿ. "ಏನೇನೋ ಹೇಳಬೇಡ, ಹಾಗೆಲ್ಲ ಏನೂ ಇಲ್ಲ" ಅನ್ನಬೇಡಿ. ಸಮಾಧಾನಕ್ಕೆ "ಹೌದಪ್ಪ, ನನಗೂ ಕೇಳಿಸ್ತು" ಅಂತಲೂ ಹೇಳಬೇಡಿ. "ನನಗೆ ಕೇಳಿಸಿಲ್ಲ. ಆದರೆ ನಿನಗೆ ಕೇಳಿಸ್ತಿದೆ ಅಂತ ನಂಬ್ತೀನಿ. ತುಂಬ ಭಯ ಆಗುತ್ತಾ?" ಇಷ್ಟು ಸಾಕು. ಮಿಕ್ಸಿ ನಿಲ್ಲಿಸಬೇಕಿಲ್ಲ. "ಚಟ್ನಿ ಮಾಡ್ತೀನಿ, ಎರಡು ನಿಮಿಷ ಸದ್ದು" ಅಂತ ಕೂಗಿ ಹೇಳಿ ಹಾಕಿ.

ಒಂದು ಪ್ರಶ್ನೆ ಬಿಡದೆ ಕೇಳಿ: ಆ ಧ್ವನಿ ಏನಾದರೂ ಮಾಡು ಅನ್ನುತ್ತಾ? ಸಾಯಿ ಅಂತ, ಯಾರಿಗಾದರೂ ಹೊಡಿ ಅಂತ? ಕೇಳಿದ್ದಕ್ಕೇ ಅಂಥ ಯೋಚನೆ ಹುಟ್ಟುವುದಿಲ್ಲ. ಹೌದು ಅಂದರೆ ಒಬ್ಬನನ್ನೇ ಬಿಡಬೇಡಿ, ಅವತ್ತೇ ಆಸ್ಪತ್ರೆ. ಇಲ್ಲ ಅಂದರೆ ಅವನ ಮನೆಯವರಿಗೆ ತಿಳಿಸಿ. ಆಸ್ಪತ್ರೆ ಮಾತನ್ನು ನಿದ್ದೆಯಿಂದ ಶುರು ಮಾಡಿ. ಹುಚ್ಚಿನ ಡಾಕ್ಟರ್ ಅಂದರೆ ಯಾರೂ ಬರಲ್ಲ, ನಿದ್ದೆ ಬರ್ತಿಲ್ಲ ಅಲ್ವಾ ಅಂದರೆ ಬಹಳ ಜನ ಬರುತ್ತಾರೆ. ತಾಲ್ಲೂಕು ಆಸ್ಪತ್ರೆಯಲ್ಲಿ ಮನೋಚೈತನ್ಯ ಕ್ಲಿನಿಕ್ ಇರುವುದು ಮಂಗಳವಾರ. ಯಾವ ಮಂಗಳವಾರ ಅಂತ ಮೊದಲೇ ಫೋನ್ ಮಾಡಿ ಕೇಳಿಕೊಳ್ಳಿ. 14416 ಟೆಲಿ ಮಾನಸ್, ಅಂದರೆ ಮನಸ್ಸಿನ ತೊಂದರೆಗೆ ಸರ್ಕಾರದ ಸಹಾಯವಾಣಿ, ರಾತ್ರಿಯೂ ಇರುತ್ತೆ, ಕನ್ನಡದಲ್ಲೇ ಮಾತಾಡುತ್ತಾರೆ, ದುಡ್ಡಿಲ್ಲ. ಪಕ್ಕದ ಮನೆಯವರೂ ಮಾಡಬಹುದು.

ಮಲೆನಾಡ ಮದ್ದು: ಇದಕ್ಕೆಲ್ಲ ಒಂದೇ ಮದ್ದು. ಒಂದೆಲಗದ ರಸ 21 ದಿನ ಖಾಲಿ ಹೊಟ್ಟೆಗೆ. ಇಂಗ್ಲಿಷ್ ಮಾತ್ರೆ ಎಲ್ಲ ನಿಲ್ಲಿಸಿ. ಹತ್ತು ಜನಕ್ಕೆ ಕಳಿಸಿ.

ಡಾಕ್ಟ್ರಮ್ಮ: ಒಂದೆಲಗದ ತಂಬುಳಿ ನಾನೂ ಮಾಡುತ್ತೇನೆ. "ಮಾತ್ರೆ ನಿಲ್ಲಿಸಿ" ಅನ್ನೋ ಸಾಲನ್ನು ದಯವಿಟ್ಟು ಅಳಿಸಿ.

ಹೊಸನಗರ ಹೊಳೆಬದಿ: ಮೇಡಂ, ನನ್ನದೇ ಪ್ರಶ್ನೆ. ಅಮ್ಮ ಹೋಗಿ ಎರಡು ತಿಂಗಳಾಯಿತು. ಬೆಳಗಿನ ಜಾವ ಬಚ್ಚಲ ಕಡೆಯಿಂದ ಹೆಸರು ಹಿಡಿದು ಕರೆದ ಹಾಗಾಗುತ್ತೆ. ಇದೂ ಅದೇನಾ?

ರಿಪ್ಪನ್‌ಪೇಟೆ ಹುಡುಗ: ಡಾಕ್ಟ್ರೇ, ನಮ್ಮ ತೋಟಕ್ಕೆ ಅಡಿಕೆ ಕೊನೆ ಇಳಿಸಲು ಬರುವ ಕೊನೆಗಾರರೊಬ್ಬರು ಗುರುವಾರ ಅಯ್ಯಪ್ಪ ಮಾಲೆ ಹಾಕಿಸಿಕೊಂಡರು. ನಿನ್ನೆ ರಾತ್ರಿಯಿಂದ ಗೋಡೆ ತುಂಬ ಇರುವೆ ಅಂತಾರೆ. ಪಂಚೆ ಮೇಲಿಂದ ಒಂದೊಂದೇ ಹೆಕ್ಕಿ ಹೆಕ್ಕಿ ಬಿಸಾಕ್ತಾರೆ. ನಾವು ನೋಡಿದರೆ ಏನೂ ಇಲ್ಲ. ಕೈ ಎಷ್ಟು ನಡುಗುತ್ತೆ ಅಂದರೆ ನೀರಿನ ಲೋಟ ಹಿಡಿಯಕ್ಕಾಗ್ತಿಲ್ಲ. ಜೊತೆಯ ಸ್ವಾಮಿಗಳು ದೇವರ ಪರೀಕ್ಷೆ, ಭಜನೆ ಮಾಡೋಣ ಅಂತಿದ್ದಾರೆ.

ಡಾಕ್ಟ್ರಮ್ಮ: ಕುಡಿಯುತ್ತಿದ್ದರಾ? ಎಷ್ಟು? ಕೊನೆಯದಾಗಿ ಯಾವಾಗ?

ರಿಪ್ಪನ್‌ಪೇಟೆ ಹುಡುಗ: ದಿನಾ. ಬೆಳಗ್ಗೆಯಿಂದಲೇ. ಬುಧವಾರ ರಾತ್ರಿ ಕೊನೆ. ವ್ರತ ಅಲ್ವಾ, ಒಂದೇ ಸಲ ಬಿಟ್ಟರು.

ಡಾಕ್ಟ್ರಮ್ಮ: ಈಗಲೇ ಹೊರಡಿಸಿ. ಉಳಿದವರು ಸ್ವಲ್ಪ ಸುಮ್ಮನಿರಿ, ಇದನ್ನು ಪೂರ್ತಿ ಬರೆಯುತ್ತೇನೆ.

ಇದು ದೆವ್ವವೂ ಅಲ್ಲ, ದೇವರ ಪರೀಕ್ಷೆಯೂ ಅಲ್ಲ. ವರ್ಷಗಟ್ಟಲೆ ದಿನಾ ಕುಡಿದವರ ಮಿದುಳು ಹೆಂಡಕ್ಕೆ ಒಗ್ಗಿರುತ್ತೆ. ದಿಢೀರನೆ ನಿಲ್ಲಿಸಿದರೆ ಬ್ರೇಕ್ ಕಿತ್ತ ಗಾಡಿ ಹಾಗೆ ಓಡುತ್ತೆ. ಮೊದಲ ದಿನ ನಡುಕ, ಬೆವರು. ಮೊದಲೆರಡು ದಿನದಲ್ಲಿ ಫಿಟ್ಸ್ ಬರಬಹುದು. ಎರಡರಿಂದ ನಾಲ್ಕು ದಿನದೊಳಗೆ ಇರುವೆ, ಹಾವು, ಇಲ್ಲದ ಜನ ಕಾಣಿಸುವುದು, ಹಗಲೋ ರಾತ್ರಿಯೋ ಗೊತ್ತಾಗದಿರುವುದು. ಚಿಕಿತ್ಸೆ ಸಿಗದಿದ್ದರೆ ಇದರಲ್ಲಿ ಜೀವ ಹೋಗುತ್ತೆ. ಪ್ರತಿ ವರ್ಷ ಮಾಲೆಯ ಸೀಸನ್ನಲ್ಲಿ ನಮ್ಮ ವಾರ್ಡಿಗೆ ಇಂಥವರು ಬರುತ್ತಾರೆ. ಕುಡಿತ ಬಿಟ್ಟದ್ದು ತಪ್ಪಲ್ಲ. ಡಾಕ್ಟರನ್ನು ಕೇಳದೆ ಬಿಟ್ಟದ್ದು ತಪ್ಪು.

108ಕ್ಕೆ ಫೋನ್ ಮಾಡಿ, ತಡವಾದರೆ ಯಾರದ್ದಾದರೂ ಜೀಪು. ಇಬ್ಬರು ಜೊತೆಗಿರಿ. ಮೆಟ್ಟುಗತ್ತಿ, ದೋಟಿ ಕೈಗೆ ಸಿಗದ ಹಾಗೆ ಎತ್ತಿಡಿ. ಕೋಣೆಗೆ ಹಾಕಿ ಚಿಲಕ ಹಾಕಬೇಡಿ, ಕಟ್ಟಬೇಡಿ. ಇರುವೆ ಇಲ್ಲ ಅಂತ ವಾದ ಬೇಡ. "ನಾವಿದ್ದೀವಿ ಸ್ವಾಮಿ" ಅನ್ನಿ. ಆಸ್ಪತ್ರೆಯಲ್ಲಿ ಬುಧವಾರ ರಾತ್ರಿಯ ವಿಷಯ ಮುಚ್ಚಿಡಬೇಡಿ. ಗ್ಲೂಕೋಸ್ ಬಾಟಲಿ ಏರಿಸುವ ಮುಂಚೆ ಬಿ1 ವಿಟಮಿನ್ ಇಂಜೆಕ್ಷನ್ ಕೊಡಬೇಕಾಗುತ್ತೆ, ಕುಡಿತದ ವಿಷಯ ಹೇಳದಿದ್ದರೆ ಅವರಿಗೆ ಹೇಗೆ ಗೊತ್ತಾಗಬೇಕು? ಬರಲ್ಲ ಅಂದರೆ ಗುರುಸ್ವಾಮಿಯಿಂದ ಹೇಳಿಸಿ. ಮಾಲೆ ತೆಗೆಯಬೇಕಾಗಿಲ್ಲ.

ಹರಿಹರಸುತ: ಮಾಲೆ ಹಾಕಿದವರು ಜೀವ ಬಿಡ್ತಾರೆ ಅಂತ ಬರೆಯೋದು ಸರಿಯಾ? 18 ವರ್ಷ ಮಲೆಗೆ ಹೋಗಿದ್ದೀನಿ. ಇದು ನಂಬಿಕೆಗೆ ಅವಮಾನ.

ಕೋಣಂದೂರು ಕೃಷಿಕ: ಎಂಥ ಮಾರಾಯ್ರೆ, ಅವರು ಬರೆದದ್ದು ಹೆಂಡದ ವಿಷಯ. ಕನ್ನಡಕ ಹಾಕಿಕೊಂಡು ಓದಿ.

ಹರಿಹರಸುತ: ನಿಮ್ಮೂರಿನ ಚೌಡಿ ಹಬ್ಬದಲ್ಲಿ ನಡೆಯೋದು ನಮಗೂ ಗೊತ್ತು. ನಮಗೆ ಬುದ್ಧಿ ಹೇಳಕ್ಕೆ ಬರಬೇಡಿ.

ಕೋಣಂದೂರು ಕೃಷಿಕ: ಚೌಡಿ ಸುದ್ದಿ ಯಾಕೆ ಈಗ? ಅಲ್ಲೊಬ್ಬ ಇರುವೆ ಹೆಕ್ಕುತ್ತ ಕೂತಿದ್ದಾನೆ.

ಮಲೆನಾಡ ಮದ್ದು: ಜಗಳ ಬೇಡ. ಉಮ್ಮತ್ತಿ ಎಲೆಯ ರಸ ಒಂದು ಚಮಚ ಕೊಟ್ಟರೆ ನಶೆ ಇಳಿದು ನಿದ್ದೆ ಬರುತ್ತೆ. ನಮ್ಮ ಅಜ್ಜನ ಕಾಲದ್ದು.

ಡಾಕ್ಟ್ರಮ್ಮ: ಅಡ್ಮಿನ್, ಇದನ್ನು ಈಗಲೇ ತೆಗೆಯಿರಿ. ಉಮ್ಮತ್ತಿ ಅಂದರೆ ದತ್ತೂರಿ, ವಿಷ. ಅದನ್ನು ತಿಂದರೇ ಇಲ್ಲದ್ದು ಕಾಣುತ್ತೆ. ಯಾರಾದರೂ ಈಗಾಗಲೇ ಕುಡಿಸಿದ್ದರೆ ಅದನ್ನೂ ಆಸ್ಪತ್ರೆಯಲ್ಲಿ ಹೇಳಿ.

ಅಡ್ಮಿನ್: ತೆಗೆಯುತ್ತಿದ್ದೇನೆ. ನೆಟ್‌ವರ್ಕ್ ಇಲ್ಲ, ತಾಳಿ.

ಸೊರಬ ಸೀಮೆ: ದರಗು (ಒಣಗಿದ ಎಲೆ) ತರಲು ಕಾಡಿಗೆ ಹೋದವನಿಗೆ ಜ್ವರ ಬಂದು ಇಳಿದಿತ್ತು. ಈಗ ಮತ್ತೆ ಜ್ವರ, ಏನೇನೋ ಬಡಬಡಿಸುತ್ತಾನೆ. ಗಾಳಿ ಸೋಕಿದೆ ಅಂತ ಅಂತ್ರ ಕಟ್ಟಿಸಿದ್ದಾರೆ.

ಡಾಕ್ಟ್ರಮ್ಮ: ಸೊರಬದವರಿಗೆ ನಾನು ಹೇಳಿಕೊಡಬೇಕಾ? ಮಂಗನ ಕಾಯಿಲೆ ಮೊದಲು ಸಿಕ್ಕಿದ್ದೇ 1957ರಲ್ಲಿ ನಿಮ್ಮ ಕ್ಯಾಸನೂರು ಕಾಡಲ್ಲಿ. ಕೆಲವರಿಗೆ ಮೊದಲ ಜ್ವರ ಬಿಟ್ಟ ಮೇಲೆ ಒಂದೆರಡು ವಾರಕ್ಕೆ ಮತ್ತೆ ಬಂದು ತಲೆಗೇರುತ್ತೆ. ಅದೇ ಅಂತ ಇಲ್ಲಿಂದ ಹೇಳಲಾರೆ, ರಕ್ತಪರೀಕ್ಷೆ ಆಗಬೇಕು. ಉಣುಗು (ಉಣ್ಣಿ) ಕಚ್ಚಿತ್ತಾ ಕೇಳಿ. ಅಂತ್ರ ಕೈಯಲ್ಲೇ ಇರಲಿ, ಇವತ್ತೇ ಹೊರಡಿ. ಜ್ವರದ ಜೊತೆ ಬಡಬಡಿಕೆ ಬಂದರೆ ಮೊದಲು ಜನರಲ್ ಡಾಕ್ಟರು, ಆಮೇಲೆ ನಾನು.

ಭದ್ರಾವತಿ ಬಾಬು: ಧ್ವನಿ ಕೇಳಿಸುತ್ತೆ ಅನ್ನೋರ ಹತ್ತಿರ ಹೇಗೆ ಮಾತಾಡೋದು ಮೇಡಂ?

ಡಾಕ್ಟ್ರಮ್ಮ: ಮೇಲೆ ಬರೆದಿದ್ದೇನೆ.

ತೀರ್ಥಹಳ್ಳಿ ಅತ್ತಿಗೆ: ಗೊತ್ತಾಗದ ಹಾಗೆ ಸಾರಿನಲ್ಲಿ ಮಾತ್ರೆ ಹಾಕಬಹುದಾ?

ಡಾಕ್ಟ್ರಮ್ಮ: ಬೇಡ. ಗೊತ್ತಾದ ದಿನ ನಿಮ್ಮ ಕೈಯ ಅನ್ನವನ್ನೂ ಬಿಡುತ್ತಾರೆ.

ಆಗುಂಬೆ ಮಳೆ: ನಮ್ಮ ಕೇರಿಯ ಅಜ್ಜಿಗೆ 84. ಎರಡೂ ಕಣ್ಣಿಗೆ ಪೊರೆ, ಆಪರೇಷನ್ ಬೇಡ ಅಂತಾರೆ. ಜಗಲಿ ಮೇಲೆ ಮುಂಡಾಸು ಕಟ್ಟಿದ ಗೇಣುದ್ದದ ಗಂಡಸರು ಸಾಲಾಗಿ ಕೂತಿರುತ್ತಾರಂತೆ. "ಮಾತಿಲ್ಲ ಕತೆಯಿಲ್ಲ, ಸುಮ್ನೆ ಕೂರ್ತಾವೆ, ಕಾಫಿಯನ್ನೂ ಕೇಳಲ್ಲ" ಅಂತ ಅವರೇ ನಗುತ್ತಾರೆ. ಬಾಕಿ ಎಲ್ಲ ಸರಿ, ಹಾಲಿನ ಲೆಕ್ಕ ಒಂದು ಪೈಸೆ ತಪ್ಪಲ್ಲ.

ಡಾಕ್ಟ್ರಮ್ಮ: ಈ ಅಜ್ಜಿಯನ್ನು ನಾನೇ ಬಂದು ನೋಡಬೇಕು ಅನ್ನಿಸುತ್ತಿದೆ. ಕಣ್ಣು ಮಂದವಾದಾಗ ಮಿದುಳು ತಾನೇ ಚಿತ್ರ ಬಿಡಿಸಿಕೊಳ್ಳುವುದುಂಟು. 1760ರಲ್ಲಿ ಸ್ವಿಟ್ಜರ್ಲೆಂಡಿನ ಚಾರ್ಲ್ಸ್ ಬಾನೆ ಎಂಬ ಪಂಡಿತ ತನ್ನ ಅಜ್ಜನಿಗೆ ಹೀಗಾದದ್ದನ್ನು ಬರೆದಿಟ್ಟ. ಆ ಅಜ್ಜನಿಗೂ ಪೊರೆಯೇ. ಈಗಲೂ ಅವನ ಹೆಸರಲ್ಲೇ ಕರೆಯುತ್ತೇವೆ. ಸದ್ದಿರುವುದಿಲ್ಲ, ಬುದ್ಧಿ ನೆಟ್ಟಗಿರುತ್ತೆ, ನಿಜವಲ್ಲ ಅಂತ ಸಾಮಾನ್ಯವಾಗಿ ಅವರಿಗೇ ಗೊತ್ತಿರುತ್ತೆ. ಜಗಲಿಗೆ ದೊಡ್ಡ ಬಲ್ಬ್ ಹಾಕಿ, ಕಣ್ಣಿನ ಡಾಕ್ಟರಿಗೆ ತೋರಿಸಿ. "ಆಪರೇಷನ್ ಆದರೆ ಮುಂಡಾಸಿನವರು ಹೋಗಬಹುದು" ಅಂತ ಹೇಳಿ ನೋಡಿ. ಹೊಸ ಮಾತ್ರೆ ಶುರುವಾಗಿದೆಯಾ ಅಂತಲೂ ವಿಚಾರಿಸಿ. ಇದ್ದಕ್ಕಿದ್ದಂತೆ ಮಂಕಾದರೆ, ಉರಿಮೂತ್ರ ಬಂದರೆ, ನಡಿಗೆ ತಡವರಿಸಿದರೆ ಅದು ಬೇರೆಯೇ ವಿಷಯ, ತಡ ಮಾಡಬೇಡಿ.

ಆಗುಂಬೆ ಮಳೆ: ಅಜ್ಜಿಗೆ ಓದಿ ಹೇಳಿದೆ. "ಹೋಗೋದಾದ್ರೆ ಬೇಡ ಬಿಡು, ಮಳೆಗಾಲಕ್ಕೆ ಜೊತೆಗಾದ್ರೂ ಇರ್ಲಿ" ಅಂತಾರೆ.

ಹರಿಹರಸುತ: ಅಡ್ಮಿನ್ ಸಾಹೇಬ್ರೇ, ನನ್ನ ಕಾಮೆಂಟ್ ಯಾಕೆ ಹೋಯಿತು? ಉಮ್ಮತ್ತಿ ಇನ್ನೂ ಅಲ್ಲೇ ಇದೆ.

ಅಡ್ಮಿನ್: ಕೈತಪ್ಪಿ ನಿಮ್ಮದು ಹೋಯಿತು. ಕ್ಷಮಿಸಿ.

ಕೋಣಂದೂರು ಕೃಷಿಕ: ಸ್ವಾಮಿಯೇ ಶರಣಂ.

ಹರಿಹರಸುತ: ವ್ಯಂಗ್ಯನಾ?

ಶಿಕಾರಿಪುರ ಎಕ್ಸ್‌ಪ್ರೆಸ್: ಧ್ವನಿ ಕೇಳೋರಿಗೆ 14416 ಅಂದ್ರಲ್ಲ, ನಂಬರ್ ಎಷ್ಟು?

ಡಾಕ್ಟ್ರಮ್ಮ: ನೀವೇ ಬರೆದಿದ್ದೀರಿ.

ಹೊಸನಗರ ಹೊಳೆಬದಿ: ಮೇಡಂ, ಅಮ್ಮನ ಧ್ವನಿ ಕೇಳಿದ್ದೆ. ಮೇಲಿದೆ, ನೋಡಿದಿರಾ?

ಮಲೆನಾಡ ಮದ್ದು: ಆಯುರ್ವೇದ ಕಂಡರೆ ಇವರಿಗೆ ಯಾಕಿಷ್ಟು ಉರಿ?

ಡಾಕ್ಟ್ರಮ್ಮ: ನೀವು ಹಾಕಿದ್ದು ಆಯುರ್ವೇದ ಅಲ್ಲ, ಫಾರ್ವರ್ಡ್. ಯಾವ ಆಯುರ್ವೇದ ವೈದ್ಯರನ್ನಾದರೂ ಕೇಳಿ, ಹಸಿ ಉಮ್ಮತ್ತಿ ರಸ ಚಮಚದಲ್ಲಿ ಕೊಡಿ ಅನ್ನಲ್ಲ. ಆರು ಗಂಟೆ ಆಯಿತು. ರಿಪ್ಪನ್‌ಪೇಟೆಯವರು ಎಲ್ಲಿದ್ದೀರಿ? ಅದೊಂದು ಗೊತ್ತಾಗದೆ ನಾನು ಫೋನ್ ಇಡಲ್ಲ.

ಸಾಗರದ ಸೊಸೆ: @ಹೊಸನಗರ ಹೊಳೆಬದಿ, ನಮ್ಮತ್ತೆ ಹೋದಾಗ ನನಗೂ ಹಾಗೇ ಆಗುತ್ತಿತ್ತು ಕಣ್ರೀ. ಇನ್‌ಬಾಕ್ಸಿಗೆ ಬನ್ನಿ.

ರಿಪ್ಪನ್‌ಪೇಟೆ ಹುಡುಗ: ಆಯನೂರು ದಾಟಿದ್ವಿ ಡಾಕ್ಟ್ರೇ. ಗುರುಸ್ವಾಮಿ ಪಕ್ಕದಲ್ಲೇ ಕೈ ಹಿಡಿದು ಕೂತಿದ್ದಾರೆ. ಇರುವೆ ಈಗ ಜೀಪಿನ ಸೀಟಿನ ಮೇಲಂತೆ. ಗುರುಸ್ವಾಮಿ ಮೇಲೆ ಹತ್ತದ ಹಾಗೆ ಒರೆಸ್ತಾ ಇದ್ದಾರೆ.