ನ್ಯೂಜೆರ್ಸಿಯ ಎಡಿಸನ್‌ನಿಂದ ಕ್ಯಾಲಿಫೋರ್ನಿಯಾದ ಸ್ಯಾನ್ ಹೋಸೆಗೆ ಒಬ್ಬಳೇ ಡ್ರೈವ್: ಹೋದವರು ಹೇಳ್ತೀರಾ?

ಜನವರಿ ಕೊನೆಗೆ ಕೆಲಸ ಬದಲಾಗ್ತಿದೆ. ಹಳೇ ಸಿವಿಕ್. ಐ-80 ಹೆದ್ದಾರಿ ಹಿಡಿದು ಒಬ್ಬಳೇ ಹೋಗ್ಲಾ, ಕಾರನ್ನು ಟ್ರಕ್ಕಿಗೆ ಹಾಕಿ ಫ್ಲೈಟ್ ಹತ್ತಲಾ? ಹಾಸನದಿಂದ ಅಮ್ಮ ದಿನಾ ಫೋನಲ್ಲಿ ಅಳ್ತಿದ್ದಾರೆ.

ಕುಂದಾಪ್ರದವ: ನಾನು ಹೋದದ್ದು 2019ರ ಫೆಬ್ರವರಿ. ಇಲಿನಾಯ್ ತನಕ ಟೋಲ್ ಕಟ್ಟೋದು, ಮುಂದೆ ಹೋಗೋದು, ಅಷ್ಟೇ. ನೆಬ್ರಾಸ್ಕ 455 ಮೈಲಿ, ಸ್ಟೀರಿಂಗ್ ತಿರುಗಿಸಿದ ನೆನಪೇ ಇಲ್ಲ ಮಾರಾಯ್ರೆ. ಸಿಕ್ಕಿಬಿದ್ದದ್ದು ವ್ಯೋಮಿಂಗ್‌ನಲ್ಲಿ. ಲ್ಯಾರಮಿಯಿಂದ ರಾಲಿನ್ಸ್‌ಗೆ ನೂರು ಮೈಲಿ. ಗಾಳಿ ಎದ್ದರೆ ರಸ್ತೆಗೆ ಗೇಟ್ ಹಾಕಿಬಿಡ್ತಾರೆ. ಎರಡು ರಾತ್ರಿ ಅಲ್ಲೇ. 74 ಡಾಲರಿನ ರೂಮು ಗೇಟ್ ಬಿದ್ದ ಮೇಲೆ 139! ವೈಪರ್ ನೀರು ಹೆಪ್ಪುಗಟ್ಟಿ ಇನ್ನೊಂದು 11. ಲಾರಿಯ ಚಕ್ರದಿಂದ ಕಲ್ಲು ಹಾರಿ ಮುಂದಿನ ಗ್ಲಾಸಿಗೆ 380. ಆದರೂ ಇವತ್ತು ಹೊರಡು ಅಂದ್ರೆ ಹೊರಟೆ.

ಮಲ್ಲೇಶ್ವರಂ ಮೊಮ್ಮಗಳು: ಇವರ ಶೌರ್ಯ ಓದಿ ಮರುಳಾಗಬೇಡಮ್ಮ. ನಾನು ಟ್ರಕ್ಕಿಗೆ ಹಾಕಿದೆ. 1,150 ಅಂದವರು ಕಾರು ಹತ್ತಿಸೋ ಬೆಳಿಗ್ಗೆ 1,400 ಅಂದ್ರು. ಎಂಟು ದಿನ ಹೋಗಿ ಹತ್ತೊಂಬತ್ತಾಯ್ತು, ಅಷ್ಟು ದಿನ ಬಾಡಿಗೆ ಕಾರಿಗೆ 620. ಡಿಕ್ಕಿಯಲ್ಲಿಟ್ಟ ಕುಕ್ಕರ್ ಮಾಯ. ಆದ್ರೂ ರಾತ್ರಿ ನಿದ್ದೆ ಬಂತು.

ಕುಂದಾಪ್ರದವ: ಅಲ್ಲಿಗೆ 2,020. ನಂದು ಗ್ಯಾಸು, ರೂಮು, ಗ್ಲಾಸು ಎಲ್ಲಾ ಸೇರಿ 1,310. ಕುಕ್ಕರ್ ಲೆಕ್ಕ ಬೇರೆ.

ಮಲ್ಲೇಶ್ವರಂ ಮೊಮ್ಮಗಳು: ನಿಮ್ಮ ಡ್ರೈವ್‌ಗೆ ಹೋದ ಏಳು ದಿನದ ರಜೆ ಯಾರಪ್ಪ ಕೊಟ್ಟಿದ್ದು? ಅದನ್ನೂ ಸೇರಿಸಿ ಹೇಳಿ.

ಹುಬ್ಬಳ್ಳಿಯಾಂವ: ಚಳಿಗಾಲದಾಗ ಐ-80 ಯಾಕ್ರಿ? ನಾ ಐ-40 ಹಿಡದಿದ್ದೆ. ದಕ್ಷಿಣದ ದಾರಿ, ಹಿಮ ಇರಂಗಿಲ್ಲ ಅಂದ್ರು. ಅರಿಜೋನಾದ ಫ್ಲ್ಯಾಗ್‌ಸ್ಟಾಫ್ ಊರು ಏಳು ಸಾವಿರ ಅಡಿ ಮ್ಯಾಲೆ ಐತಿ ಅಂತ ಒಬ್ಬ ಮಗಾನೂ ಹೇಳಲಿಲ್ಲ. ಕಾರು ಜಾರಿ ತಗ್ಗಿಗೆ ಹೋತು, ಎಳದು ಹಾಕಾಕ 425. ಊಟದ ಖರ್ಚು ಮಾತ್ರ ಸೊನ್ನೆ: ಖಡಕ್ ರೊಟ್ಟಿ, ಶೇಂಗಾ ಚಟ್ನಿ.

ಮಲ್ಲೇಶ್ವರಂ ಮೊಮ್ಮಗಳು: ಸ್ಟೀರಿಂಗ್ ಹಿಡ್ಕೊಂಡು ರೊಟ್ಟಿ ಮುರಿದ್ರೆ ತಗ್ಗಿಗೆ ಬೀಳದೆ ಇನ್ನೇನು? ಗೊಜ್ಜವಲಕ್ಕಿ ಒಯ್ಯಬೇಕಿತ್ತು.

ಹುಬ್ಬಳ್ಳಿಯಾಂವ: ಅವಲಕ್ಕಿ ಊಟಾ ಏನ್ರಿ?

ಕೇಳಿದವಳು: ಸ್ನೋ ಟೈರ್ ಬೇಕಾ, ಟೈರಿಗೆ ಸುತ್ತೋ ಚೈನ್ ಸಾಕಾ?

ಕುಂದಾಪ್ರದವ: ಚೈನ್ ಇರ್ಲಿ, ಕ್ಯಾಲಿಫೋರ್ನಿಯಾದ ಡಾನರ್ ಪಾಸ್ ಘಾಟಿಯಲ್ಲಿ ಕೇಳ್ತಾರೆ. ಮನೆಯಲ್ಲೇ ಒಮ್ಮೆ ಹಾಕಿ ಕಲೀರಿ. ನಾನು ರಸ್ತೆ ಬದಿ ಯಾರಿಗೋ 40 ಡಾಲರ್ ಕೊಟ್ಟು ಹಾಕಿಸಿದೆ.

ಮಲ್ಲೇಶ್ವರಂ ಮೊಮ್ಮಗಳು: ಆ 40 ನಿಮ್ಮ 1,310ರಲ್ಲಿ ಇದೆಯಾ?